ಮಕ್ಕಳ ಕೈಯಲ್ಲಿ ಡೈನೋಸಾರ್ ಪುಸ್ತಕ

ಒಂದು ವಾಚನಾಲಯದಲ್ಲಿ ಯಾವ ಪುಸ್ತಕವನ್ನು ಯಾರು ಓದುತ್ತಾರೆಂದು ತಿಳಿಯಲು ದಾಖಲೆಯ ವಹಿಯನ್ನು ಬಿಚ್ಚಬೇಕಾಗಿಲ್ಲ. ಪುಸ್ತಕ ಎಲ್ಲಿ ಸವೆದಿದೆ ಎಂದು ನೋಡಿದರೆ ಸಾಕು. ಕಾದಂಬರಿಯ ಬೆನ್ನು ಸಡಿಲವಾಗುತ್ತದೆ. ಪರೀಕ್ಷೆಯ ಮಾರ್ಗದರ್ಶಿಗಳು ಕೊನೆಯ ಪುಟಗಳಲ್ಲಿ, ಉತ್ತರಗಳಿರುವ ಕಡೆ, ಕೊಳೆಯಾಗುತ್ತವೆ. ಮಕ್ಕಳ ಕಪಾಟಿನ ಡೈನೋಸಾರ್ ಚಿತ್ರಪುಸ್ತಕವೋ, ನಡುವೆ ಒಂದು ಕಡೆ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಟಿರಾನೋಸಾರಸ್ ಬಾಯಿ ತೆರೆದು ನಿಂತಿರುತ್ತದೆ. ಅದರ ಹಲ್ಲುಗಳನ್ನು ಎಷ್ಟು ಪುಟ್ಟ ಬೆರಳುಗಳು ಎಣಿಸಿವೆಯೋ, ಬಣ್ಣವೇ ಮಾಸಿ ಹೋಗಿರುತ್ತದೆ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಿಗಳಲ್ಲಿ ಅನೇಕರಿಗೆ ಇದು ಸ್ವಲ್ಪ ಬೇಸರದ ಸಂಗತಿ. ಹೋಟೆಲಿನಲ್ಲೋ ಕಚೇರಿಯಲ್ಲೋ ಗೋದಾಮಿನಲ್ಲೋ ವಾರವೆಲ್ಲ ದುಡಿದು, ಇರುವ ಒಂದು ರಜೆಯಲ್ಲಿ ಮಗುವಿಗೆ ನಾಲ್ಕು ಕನ್ನಡ ಅಕ್ಷರ ಹತ್ತಲಿ ಎಂದು ಕರೆತಂದರೆ, ಅದು ನೇರವಾಗಿ ಹೋಗಿ ಇಂಗ್ಲಿಷಿನ ರಾಕ್ಷಸ ಹಲ್ಲಿಗಳ ಮುಂದೆ ಕುಳಿತುಬಿಡುತ್ತದೆ. “ಇದರಿಂದ ಏನು ಉಪಯೋಗ? ಪರೀಕ್ಷೆಗೆ ಬರುವುದಿಲ್ಲ, ಎಲ್ಲೂ ಕಾಣಸಿಗುವುದಿಲ್ಲ, ಸತ್ತು ಕೋಟ್ಯಂತರ ವರ್ಷ ಆಯಿತು” ಎಂದು ಅವರು ಕೇಳುವುದು ನ್ಯಾಯವೇ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದೆ ಸ್ವಲ್ಪ ವಿಚಾರಿಸಿ ನೋಡೋಣ.

ಮೊದಲು ಈ ಪುಸ್ತಕಗಳ ರಚನೆಯನ್ನು ಗಮನಿಸಬೇಕು. ಇವು ಕಥೆಯ ಪುಸ್ತಕಗಳಲ್ಲ. ಪುಟಕ್ಕೊಂದು ಪ್ರಾಣಿ, ಮೇಲೆ ಹೆಸರು, ನಡುವೆ ಚಿತ್ರ, ಕೆಳಗೆ ಉದ್ದ, ತೂಕ, ಆಹಾರ, ಬದುಕಿದ್ದ ಕಾಲ, ಎಲುಬು ದೊರೆತ ದೇಶ. ಮೂಲೆಯಲ್ಲಿ ಅಳತೆಗೆಂದು ನಿಲ್ಲಿಸಿದ ಒಬ್ಬ ಮನುಷ್ಯನ ಆಕೃತಿ. (ಇದನ್ನು ಕಂಡು, ಆ ಕಾಲದಲ್ಲಿ ಮನುಷ್ಯರೂ ಇದ್ದರು ಎಂದು ಭಾವಿಸುವ ಮಕ್ಕಳುಂಟು, ಅಂಥವರಿಗೆ ಒಂದು ಮಾತು ಹೇಳಿಬಿಡುವುದು ಒಳ್ಳೆಯದು.) ಸಾಲಿಂ ಅಲಿಯವರು 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕವನ್ನು ಕಂಡವರಿಗೆ ಈ ಕ್ರಮ ಪರಿಚಿತವೇ. ಹಕ್ಕಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕೆರೆಯ ದಂಡೆಗೆ ಹೋಗಿ, ಕಂಡ ಹಕ್ಕಿ ಯಾವುದೆಂದು ಗುರುತು ಹಿಡಿಯಬಹುದು. ಡೈನೋಸಾರ್ ಕೈಪಿಡಿಯನ್ನು ಹಿಡಿದು ಯಾವ ಕಾಡಿಗೆ ಹೋಗುವುದು? ಗ್ರೆಗರಿ ಪಾಲ್ ಎಂಬವರು 2010ರಲ್ಲಿ ಪ್ರಕಟಿಸಿದ ಕೈಪಿಡಿಯಂತೂ ಹೆಸರಿನಲ್ಲಿಯೇ ಬಯಲಲ್ಲಿ ಬಳಸುವ ಮಾರ್ಗದರ್ಶಿ ಎಂದು ಹೇಳಿಕೊಳ್ಳುತ್ತದೆ. ದೊಡ್ಡವರಿಗೆ ಇದು ತಮಾಷೆಯಾಗಿ ಕಾಣಬಹುದು. ಮಗುವಿಗೆ ಹಾಗಲ್ಲ. ಕಣ್ಣ ಮುಂದೆ ಬಂದು ನಿಂತರೆ ತಾನು ಗುರುತಿಸಿಯೇ ತೀರುತ್ತೇನೆಂಬ ಸಿದ್ಧತೆಯಲ್ಲಿ ಅದು ಇರುತ್ತದೆ.

ಗುರುತಿಸುವುದರಲ್ಲಿ ಒಂದು ಸುಖವಿದೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾತ್ರ ಬಾಯಿ ತೆರೆಯುವ ಮೊದಲೇ ಕಿರೀಟ ಕಂಡು, ಮುಖದ ಚುಟ್ಟಿ ಕಂಡು, ಇದು ಯಾವ ವೇಷ ಎಂದು ಹೇಳಿಬಿಡುವ ಹುಡುಗರು ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಮೂರು ಕೊಂಬು, ಕತ್ತಿನ ಹಿಂದೆ ಮೊರದಂಥ ಎಲುಬು ಕಂಡರೆ ಟ್ರೈಸೆರಾಟಾಪ್ಸ್. ಬೆನ್ನ ಮೇಲೆ ಎರಡು ಸಾಲು ಹಲಗೆ, ಬಾಲದಲ್ಲಿ ಮುಳ್ಳು ಕಂಡರೆ ಸ್ಟೆಗೋಸಾರಸ್. ಮುಂಬಯಿಯ ಚಾಳಿನಲ್ಲಿ ಬೆಳೆಯುವ ಮಗುವಿಗೆ ಮೇಳದ ರಾತ್ರಿಗಳು ದೊರೆಯಲಿಲ್ಲ. ವೇಷ ಗುರುತಿಸುವ ಆ ಸಂತೋಷ ಈ ಪುಟಗಳಲ್ಲಿ ದೊರೆಯಿತು.

ಹೆಸರುಗಳ ಮಾತು ಬೇರೆಯೇ ಇದೆ. ಆರು ವರ್ಷದ ಮಗು ಪಾಕಿಸೆಫಲೋಸಾರಸ್ ಎಂದು ತಡವರಿಸದೆ ಹೇಳುವುದನ್ನು ಕೇಳಿ ಬೆರಗಾಗದವರಿಲ್ಲ. ಈ ಹೆಸರುಗಳೆಲ್ಲ ಹೆಚ್ಚಾಗಿ ಗ್ರೀಕ್ ಭಾಷೆಯ ತುಂಡುಗಳನ್ನು ಜೋಡಿಸಿ ಕಟ್ಟಿದವು. ಏಕದಂತ, ಲಂಬೋದರ, ದಶಕಂಠ ಎಂಬ ಹೆಸರುಗಳನ್ನು ಕೇಳಿ ಬೆಳೆದ ಮನೆಯಲ್ಲಿ ಈ ಉಪಾಯ ಹೊಸದಲ್ಲ. ಟ್ರೈಸೆರಾಟಾಪ್ಸ್ ಎಂದರೆ ಮೂರು ಕೊಂಬಿನ ಮುಖದ್ದು. ನಾವಾದರೆ ತ್ರಿಶೃಂಗಮುಖ ಎನ್ನುತ್ತಿದ್ದೆವು. ಆ ‘ಟ್ರೈ’ಗೂ ನಮ್ಮ ‘ತ್ರಿ’ಗೂ ಮೂಲ ಒಂದೇ. ಪೆಂಟಾಸೆರಾಟಾಪ್ಸ್ ಎಂಬುದರ ‘ಪೆಂಟಾ’ ನಮ್ಮ ‘ಪಂಚ’ದ ದಾಯಾದಿ. ಟಿರಾನೋಸಾರಸ್ ರೆಕ್ಸ್ ಎಂಬಲ್ಲಿನ ‘ರೆಕ್ಸ್’ ಲ್ಯಾಟಿನ್. ಅದು ‘ರಾಜ’ ಶಬ್ದದ ಒಡಹುಟ್ಟು. ಹೀಗೆ ಬಿಡಿಸಿ ಹೇಳಲು ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಇಲ್ಲಿ ಒಂದು ಸಮಾಧಾನವೂ ಉಂಟು: ಈ ಹೆಸರುಗಳು ಇಂಗ್ಲಿಷ್ ಮನೆಮಾತಿನವರಿಗೂ ಅಷ್ಟೇ ಅಪರಿಚಿತ. ಕಾನ್ವೆಂಟಿನಲ್ಲಿ ಓದುವ ನೆರೆಮನೆಯ ಹುಡುಗನೂ, ಪಾಲಿಕೆಯ ಶಾಲೆಯಲ್ಲಿ ಓದುವ ನಮ್ಮ ಹುಡುಗಿಯೂ ಇಲ್ಲಿ ಒಂದೇ ಗೆರೆಯಿಂದ ಓಡಲಾರಂಭಿಸುತ್ತಾರೆ.

ಈ ಕೊನೆಯ ಮಾತನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಹೊರನಾಡಿನಲ್ಲಿ ಬೆಳೆಯುವ ಮಗುವಿನ ಪಾಡನ್ನು ನಾವು ಸಾಕಷ್ಟು ಯೋಚಿಸುವುದಿಲ್ಲ. ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು, ಶಾಲೆಯಲ್ಲಿ ಮತ್ತೊಂದು. ಎಲ್ಲ ಕಡೆಯೂ ಅದರ ತಪ್ಪನ್ನು ತಿದ್ದುವವರೇ. ಮರಾಠಿಯ ಉಚ್ಚಾರವನ್ನು ಗೆಳೆಯರು ತಿದ್ದುತ್ತಾರೆ, ಇಂಗ್ಲಿಷನ್ನು ಶಿಕ್ಷಕಿ ತಿದ್ದುತ್ತಾರೆ, ಊರಿಗೆ ಹೋದರೆ ಕನ್ನಡವನ್ನು ಅಜ್ಜಿ ತಿದ್ದುತ್ತಾಳೆ. ಅಂಥ ಮಗು “ಅಪ್ಪಾ, ಸ್ಟೆಗೋಸಾರಸ್ಸೂ ಟಿರಾನೋಸಾರಸ್ಸೂ ಒಟ್ಟಿಗೆ ಇರಲೇ ಇಲ್ಲ, ಗೊತ್ತೇ?” ಎಂದು ಹೇಳುವಾಗ, ಮೊದಲ ಸಲ ತಾನೇ ಇನ್ನೊಬ್ಬರಿಗೆ ತಿಳಿಸಿಕೊಡುವ ಸ್ಥಾನದಲ್ಲಿ ನಿಂತಿರುತ್ತದೆ. ಅದು ಹೇಳಿದ್ದೂ ಸರಿಯೇ: ಸ್ಟೆಗೋಸಾರಸ್ ಬದುಕಿದ್ದುದು ಸುಮಾರು 15 ಕೋಟಿ ವರ್ಷಗಳ ಹಿಂದೆ, ಟಿರಾನೋಸಾರಸ್ 7 ಕೋಟಿಗಿಂತ ಈಚೆಗೆ. ಅವೆರಡರ ನಡುವಿನ ಅಂತರ, ಟಿರಾನೋಸಾರಸ್ಸಿಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು. ಆಗ “ಹೋಗು, ಮಗ್ಗಿ ಕಲಿ” ಎಂದು ಗದರಿಸಿದರೆ ಹೋಗುವುದು ಡೈನೋಸಾರ್ ಮಾತ್ರವಲ್ಲ.

ಹೆದರಿಕೆಯ ಸೊಗಸೂ ಒಂದು ಕಾರಣವೆಂಬುದನ್ನು ಎಲ್ಲರೂ ಬಲ್ಲರು. ಬಕಾಸುರನ ಕಥೆಯಲ್ಲಿ ಇರುವುದೂ ಅದೇ. ಆದರೆ ಬಕಾಸುರನನ್ನು ಕುರಿತು “ನಿಜವಾಗಿ ಇದ್ದನೇ?” ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಇದನ್ನು ಕುರಿತು ಕೇಳಿದರೆ ಎಲುಬನ್ನೇ ತೋರಿಸಬಹುದು.

ಇನ್ನು ಆ ಚಿತ್ರಗಳು ಎಲ್ಲಿಂದ ಬಂದವು ಎಂಬುದನ್ನು ಹೇಳಬೇಕು. ಏಕೆಂದರೆ ಪುಸ್ತಕ ಕೊಳ್ಳುವವರಿಗೆ ಇದರಿಂದ ನೇರವಾದ ಪ್ರಯೋಜನವುಂಟು. ಬದುಕಿರುವ ಡೈನೋಸಾರನ್ನು ಕಂಡ ಚಿತ್ರಕಾರ ಯಾರೂ ಇಲ್ಲ. ದೊರೆತದ್ದು ಕಲ್ಲಾದ ಎಲುಬು, ಉಳಿದದ್ದೆಲ್ಲ ಊಹೆ. ‘ಡೈನೋಸಾರ್’ ಎಂಬ ಪದವನ್ನೇ ಇಂಗ್ಲೆಂಡಿನ ರಿಚರ್ಡ್ ಓವೆನ್ 1842ರಲ್ಲಿ ಕಟ್ಟಿದರು. ಭಯಂಕರವಾದ ಹಲ್ಲಿ ಎಂದು ಅದರ ಅರ್ಥ. 1854ರಲ್ಲಿ ಲಂಡನ್ನಿನ ಸಿಡನ್‌ಹ್ಯಾಮಿನಲ್ಲಿ ಕ್ರಿಸ್ಟಲ್ ಪ್ಯಾಲೆಸಿನ ಉದ್ಯಾನಕ್ಕಾಗಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಇವುಗಳ ಆಳೆತ್ತರ ಮೀರಿದ ಪ್ರತಿಮೆಗಳನ್ನು ನಿರ್ಮಿಸಿದರು. ಅದಕ್ಕೆ ಮುಂಚೆ, 1853ರ ಡಿಸೆಂಬರ್ 31ರ ರಾತ್ರಿ, ಇಗ್ವಾನೊಡಾನ್ ಪ್ರತಿಮೆಯ ಅಚ್ಚಿನೊಳಗೇ ಮೇಜು ಹಾಕಿ ವಿದ್ವಾಂಸರಿಗೆ ಔತಣ ನೀಡಿದ್ದರು. ಆ ಪ್ರತಿಮೆಗಳು ಇಂದಿಗೂ ಅಲ್ಲಿ ನಿಂತಿವೆ. ಇಗ್ವಾನೊಡಾನಿನ ಮೂಗಿನ ಮೇಲೆ ಘೇಂಡಾಮೃಗದಂತೆ ಒಂದು ಕೊಂಬು ಇದೆ. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸ್ಸಾರ್ ಎಂಬಲ್ಲಿ, ಕಲ್ಲಿದ್ದಲ ಗಣಿಯ ಆಳದಲ್ಲಿ, 30ಕ್ಕೂ ಹೆಚ್ಚು ಇಗ್ವಾನೊಡಾನ್ ಅಸ್ಥಿಪಂಜರಗಳು ಗಣಿ ಕಾರ್ಮಿಕರ ಕೈಗೆ ಸಿಕ್ಕಿದವು. ಆಗ ಗೊತ್ತಾಯಿತು: ಆ ಕೊಂಬು ಮೂಗಿನದಲ್ಲ, ಹೆಬ್ಬೆರಳಿನದು!

ಅಸ್ಥಿಪಂಜರಗಳನ್ನು ಜೋಡಿಸಿದ ಲೂಯಿ ಡೊಲೊ ಹೆಬ್ಬೆರಳನ್ನು ಸರಿಪಡಿಸಿದರು. ಆದರೆ ಪ್ರಾಣಿಯನ್ನು ಕಾಂಗರೂವಿನಂತೆ ಬಾಲದ ಮೇಲೆ ಒರಗಿಸಿ ನಿಲ್ಲಿಸಿದರು. ಹಾಗೆ ನಿಲ್ಲಬೇಕಾದರೆ ಆ ಬಾಲ ಮುರಿಯಬೇಕಾಗುತ್ತಿತ್ತು ಎಂಬುದು ನೂರು ವರ್ಷದ ಬಳಿಕ ಸ್ಪಷ್ಟವಾಯಿತು.

ಪುಸ್ತಕಗಳಿಗೆ ಬಣ್ಣ ತಂದವರಲ್ಲಿ ಅಮೆರಿಕದ ಚಾರ್ಲ್ಸ್ ನೈಟ್ ಮೊದಲಿಗರೆನ್ನಬೇಕು. 1874ರಲ್ಲಿ ಹುಟ್ಟಿ 1953ರಲ್ಲಿ ತೀರಿಕೊಂಡ ಈತನಿಗೆ ಕಣ್ಣು ಬಹಳ ಮಂದ. ಬಾಲ್ಯದಲ್ಲಿ ಜತೆಯ ಹುಡುಗನೊಬ್ಬ ಎಸೆದ ಕಲ್ಲು ಒಂದು ಕಣ್ಣಿಗೆ ತಗುಲಿತ್ತು. ಮುಖವನ್ನು ಚಿತ್ರಪಟಕ್ಕೆ ತಾಗುವಷ್ಟು ಹತ್ತಿರ ಹಿಡಿದು ಬಿಡಿಸುತ್ತಿದ್ದರಂತೆ. ಚಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯಕ್ಕಾಗಿ ಅವರು ಬರೆದ, ಟಿರಾನೋಸಾರಸ್ಸೂ ಟ್ರೈಸೆರಾಟಾಪ್ಸೂ ಎದುರುಬದುರಾಗಿ ನಿಂತ ಚಿತ್ರವನ್ನು ನೋಡಿ ನಕಲು ಮಾಡದ ಮಕ್ಕಳ ಪುಸ್ತಕ ಬಹುಕಾಲದವರೆಗೆ ವಿರಳ. ಬಳಿಕ ಯೇಲ್ ವಿಶ್ವವಿದ್ಯಾಲಯದ ಗೋಡೆಯ ಮೇಲೆ ರುಡಾಲ್ಫ್ ಜಾಲಿಂಗರ್ 1943ರಿಂದ 1947ರ ವರೆಗೆ 110 ಅಡಿ ಉದ್ದದ ಚಿತ್ರ ಬರೆದರು. ಅತ್ತ ಚೆಕ್ ದೇಶದ ಜ್ದೆನೆಕ್ ಬೂರಿಯಾನ್ ಕೆಸರು, ಮಂಜು, ಮಳೆಗಾಡುಗಳ ನಡುವೆ ಇವುಗಳನ್ನು ನಿಲ್ಲಿಸಿದರು. ಬೂರಿಯಾನರ ಚಿತ್ರಗಳು ನನಗಂತೂ ಇಂದಿನ ಗಣಕಯಂತ್ರದ ಹೊಳಪು ಚಿತ್ರಗಳಿಗಿಂತ ಪ್ರಿಯ. ಪ್ರಾಣಿಯ ಅಂಗರಚನೆ ತಪ್ಪಿದ್ದರೂ ಅಲ್ಲಿನ ಗಾಳಿ ನಿಜವೆನಿಸುತ್ತದೆ.

ಪುಸ್ತಕವೆಂಬ ರೂಪದಲ್ಲಿ ಮಕ್ಕಳನ್ನು ಹಿಡಿದಿಟ್ಟುದು ರಾಯ್ ಚಾಪ್‌ಮನ್ ಆಂಡ್ರ್ಯೂಸರು 1953ರಲ್ಲಿ ಬರೆದ ‘ಆಲ್ ಅಬೌಟ್ ಡೈನೋಸಾರ್ಸ್’. ಇವರು ಬರಿಯ ಲೇಖಕರಲ್ಲ. 1920ರ ದಶಕದಲ್ಲಿ ಮೋಟಾರುಗಳನ್ನೂ ಒಂಟೆಗಳನ್ನೂ ಕಟ್ಟಿಕೊಂಡು ಮಂಗೋಲಿಯಾದ ಗೋಬಿ ಮರುಭೂಮಿಗೆ ನುಗ್ಗಿದ ತಂಡದ ನಾಯಕರು. 1923ರಲ್ಲಿ ಅವರ ತಂಡಕ್ಕೆ ಮೊಟ್ಟೆಗಳ ಗೂಡುಗಳು ಸಿಕ್ಕಿದವು. ಒಂದು ಗೂಡಿನ ಮೇಲೆ ಬೇರೊಂದು ಸಣ್ಣ ಡೈನೋಸಾರಿನ ಎಲುಬು ಇತ್ತು. ಮೊಟ್ಟೆಗಳು ಪ್ರೋಟೋಸೆರಾಟಾಪ್ಸ್ ಎಂಬ ಪ್ರಾಣಿಯವು, ಇದು ಕದಿಯಲು ಬಂದದ್ದು ಎಂದು ತೀರ್ಮಾನಿಸಿ, ಮರುವರ್ಷ ಅದಕ್ಕೆ ಓವಿರ್ಯಾಪ್ಟರ್, ಅಂದರೆ ಮೊಟ್ಟೆಗಳ್ಳ, ಎಂದು ಹೆಸರಿಟ್ಟರು. 70 ವರ್ಷ ಮಕ್ಕಳ ಪುಸ್ತಕಗಳಲ್ಲೆಲ್ಲ ಅದು ಕಳ್ಳನಾಗಿಯೇ ಓಡಾಡಿತು. 1993ರಲ್ಲಿ ಅದೇ ಗೋಬಿಯಲ್ಲಿ ಅಂಥದೇ ಮೊಟ್ಟೆಯೊಳಗೆ ಭ್ರೂಣ ದೊರೆಯಿತು. ನೋಡಿದರೆ ಅದು ಓವಿರ್ಯಾಪ್ಟರಿನ ಬಳಗದ್ದೇ! ಆಮೇಲೆ ಗೂಡಿನ ಮೇಲೆ ರೆಕ್ಕೆ ಹರಡಿದಂತೆ ಕೈ ಚಾಚಿ ಕಾವು ಕೂತ ಅಸ್ಥಿಪಂಜರಗಳೂ ಸಿಕ್ಕಿದವು. ಕಾವು ಕೂತ ಕೋಳಿಯನ್ನು ಮೊಟ್ಟೆ ಕದ್ದಿತೆಂದು ಹಿಡಿದು ಕೊಟ್ಟಂತಾಗಿತ್ತು. ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬುದು ಪ್ರಾಣಿಶಾಸ್ತ್ರದ ನಿಯಮವಾದ್ದರಿಂದ ಆ ಬಡಪಾಯಿ ಇಂದಿಗೂ ಮೊಟ್ಟೆಗಳ್ಳನೇ.

ಇಷ್ಟು ತಿಳಿದಿದ್ದರೆ ಬೀದಿಬದಿಯ ಹಳೆಯ ಪುಸ್ತಕಗಳನ್ನು ಪರೀಕ್ಷಿಸುವುದು ಸುಲಭ. ಮಾಟುಂಗದ ಕಾಲುದಾರಿಯಾಗಲಿ, ಪುಣೆಯ ಅಪ್ಪಾ ಬಳವಂತ ಚೌಕವಾಗಲಿ, ಹೈದರಾಬಾದಿನ ಕೋಠಿಯಾಗಲಿ, 2019ರಲ್ಲಿ ಮಹಿಳಾ ಹಾಟಿಗೆ ಸ್ಥಳಾಂತರಗೊಂಡ ದೆಹಲಿಯ ದರಿಯಾಗಂಜ್ ಭಾನುವಾರದ ಸಂತೆಯಾಗಲಿ, ಪುಸ್ತಕ ಕೈಗೆ ಬಂದೊಡನೆ ಬಾಲವನ್ನು ನೋಡಿ. ಬಾಲ ನೆಲದ ಮೇಲೆ ಎಳೆದಾಡುತ್ತಿದ್ದರೆ ಆ ಚಿತ್ರ ಹಳೆಯ ತಿಳಿವಳಿಕೆಯದು. ಕಲ್ಲಿನಲ್ಲಿ ಉಳಿದ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೆರೆ ಕಾಣುವುದು ತೀರ ಅಪರೂಪ. ಅವು ಬಾಲವನ್ನು ಎತ್ತಿ, ತಕ್ಕಡಿಯ ಕೋಲಿನಂತೆ ಮೈಯನ್ನು ಸಮತೂಗಿಸಿಕೊಂಡು ನಡೆಯುತ್ತಿದ್ದವು. 1964ರಲ್ಲಿ ಮೊಂಟಾನಾದಲ್ಲಿ ಜಾನ್ ಆಸ್ಟ್ರಮ್ ಕಂಡುಹಿಡಿದು 1969ರಲ್ಲಿ ವರ್ಣಿಸಿದ ಡೈನೊನಿಕಸ್ ಎಂಬ ಚುರುಕಿನ ಬೇಟೆಗಾರನಿಂದ ಈ ಬದಲಾವಣೆಗೆ ಬಲ ಬಂದಿತು. ಬಾಲದ ನಂತರ ಗರಿಗಳನ್ನು ನೋಡಿ. 1996ರಲ್ಲಿ ಚೀನದ ಲಿಯಾವೊನಿಂಗಿನಿಂದ ಸೈನೊಸಾರಾಪ್ಟೆರಿಕ್ಸ್ ಎಂಬ, ಮೈಮೇಲೆ ಗರಿಯ ಎಳೆಗಳಿದ್ದ ಡೈನೋಸಾರ್ ಬೆಳಕಿಗೆ ಬಂದ ಮೇಲೆ, ಸಣ್ಣ ಮಾಂಸಾಹಾರಿಗಳನ್ನು ಬೋಳಾಗಿ ಬಿಡಿಸುವುದು ಕಡಿಮೆಯಾಯಿತು. 2010ರಲ್ಲಿ ಅದರ ಬಾಲಕ್ಕೆ ಕೆಂಗಂದು ಮತ್ತು ಬಿಳಿಯ ಪಟ್ಟೆಗಳಿದ್ದುದನ್ನೂ ಶಾಸ್ತ್ರಜ್ಞರು ಕಂಡುಕೊಂಡರು. 1993ರ ‘ಜುರಾಸಿಕ್ ಪಾರ್ಕ್’ ಚಲಚ್ಚಿತ್ರದಲ್ಲಿ ಆಳೆತ್ತರಕ್ಕೆ ನಿಂತು ಮಕ್ಕಳನ್ನು ಬೆದರಿಸಿದ ವೆಲೋಸಿರ್ಯಾಪ್ಟರ್ ವಾಸ್ತವದಲ್ಲಿ ಟರ್ಕಿ ಕೋಳಿಯ ಗಾತ್ರದ್ದು, ಗರಿಯುಳ್ಳದ್ದು. ಹಕ್ಕಿಗಳು ಡೈನೋಸಾರಿನ ಕುಲದವೇ ಎಂಬುದು ಈಗ ಒಪ್ಪಿತವಾದ ಮಾತು. ಮಾರುಕಟ್ಟೆಯಲ್ಲಿ ಕೋಳಿಯ ಕಾಲಿನ ಮೇಲಣ ಹುರುಪೆಗಳನ್ನು ಮಗುವಿಗೆ ತೋರಿಸಿದರೆ ಅದಕ್ಕೆ ಅರ್ಥವಾಗುತ್ತದೆ.

ಕಡೆಯ ಪುಟದಲ್ಲಿ ಇವು ಹೇಗೆ ನಾಶವಾದವು ಎಂಬುದನ್ನು ಓದಿ. ತಂದೆ ಮಗ ಅಲ್ವಾರೆಸರೂ ಅವರ ಜತೆಗಾರರೂ 1980ರಲ್ಲಿ ಆಕಾಶದಿಂದ ಬಿದ್ದ ಬೃಹತ್ ಕಲ್ಲಿನ ಸಿದ್ಧಾಂತವನ್ನು ಮುಂದಿಟ್ಟರು; ಮೆಕ್ಸಿಕೋದ ಚಿಕ್ಸುಲೂಬ್ ಕುಳಿಯೇ ಆ ಕಲ್ಲು ಬಿದ್ದ ಜಾಗ ಎಂದು 1991ರಲ್ಲಿ ಗುರುತಿಸಿದರು. ಇದರ ಪ್ರಸ್ತಾಪವೇ ಇಲ್ಲದಿದ್ದರೆ ಪುಸ್ತಕ ಅದಕ್ಕಿಂತ ಹಿಂದಿನದು. ಹಾಗೆಂದು ಹಳೆಯದನ್ನು ಬಿಟ್ಟು ಬರಬೇಡಿ. ಅಗ್ಗವಾಗಿ ಸಿಕ್ಕಿದರೆ ಹಳೆಯದೊಂದು, ಹೊಸದೊಂದು ಎರಡನ್ನೂ ತನ್ನಿ. ಎರಡನ್ನೂ ಪಕ್ಕದಲ್ಲಿಟ್ಟು “ಯಾವುದು ತಪ್ಪು? ಅವರಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದ ಕೂಡಲೇ ಮಗು ಚಿತ್ರ ನೋಡುವುದನ್ನು ಬಿಟ್ಟು ಸಾಕ್ಷ್ಯ ಹುಡುಕಲಾರಂಭಿಸುತ್ತದೆ. ಪ್ರಯೋಜನ ಏನೆಂದು ಕೇಳಿದವರಿಗೆ ನನ್ನಲ್ಲಿರುವ ಉತ್ತರ ಇದು. ಅಚ್ಚಾದದ್ದೆಲ್ಲ ಕೊನೆಯ ಮಾತಲ್ಲವೆಂಬುದನ್ನು ಶಾಲೆಯ ಪಠ್ಯಪುಸ್ತಕ ಕಲಿಸಲಾರದು. ಪರೀಕ್ಷೆಯ ಕಾರಣ ಅದು ಸಾಧ್ಯವೂ ಇಲ್ಲ.

ಹೊರದೇಶದಲ್ಲಿ ಅಚ್ಚಾದ ಈ ಪುಸ್ತಕಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ, ನಮ್ಮ ದೇಶಕ್ಕೆ ಅವು ಕೊಡುವ ಸ್ಥಳ ತೀರ ಕಡಿಮೆ ಎಂಬುದು. ಓವೆನ್ ಪದ ಕಟ್ಟುವುದಕ್ಕೆ 14 ವರ್ಷ ಮೊದಲೇ, 1828ರಲ್ಲಿ, ಜಬಲ್ಪುರದಲ್ಲಿ ಡೈನೋಸಾರಿನ ಎಲುಬು ದೊರೆತಿತ್ತು. ಕಂಡವನು ಠಕ್ಕರನ್ನು ಅಡಗಿಸಿದನೆಂದು ಚರಿತ್ರೆಯಲ್ಲಿ ಓದುವ ಅದೇ ಸ್ಲೀಮನ್. 1877ರಲ್ಲಿ ಲಿಡೆಕ್ಕರ್ ಆ ಪ್ರಾಣಿಗೆ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು 1958ರಿಂದ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ ಅಗೆದು, ಸುಮಾರು 300 ಎಲುಬುಗಳನ್ನು ತೆಗೆದರು. ಅದರಲ್ಲೊಂದು ತೊಡೆಯೆಲುಬು ಆಳೆತ್ತರದ್ದು. ಮುಖ್ಯವಾಗಿ ಅಗೆದ ವರ್ಷ 1961, ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಆದುದರಿಂದ 1975ರಲ್ಲಿ ನಾಮಕರಣವಾದಾಗ ಅದು ಬರಾಪಾಸಾರಸ್ ಟಾಗೋರೈ ಆಯಿತು. ಬಂಗಾಳಿಯಲ್ಲಿ ‘ಬಡ ಪಾ’ ಎಂದರೆ ದೊಡ್ಡ ಕಾಲು. ಗುಜರಾತಿನ ರಾಹಿಯೋಲಿಯ ಎಲುಬುಗಳಿಂದ 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ನರ್ಮದೆನ್ಸಿಸ್ ನೆತ್ತಿಯ ಮೇಲೆ ಕೊಂಬುಳ್ಳ ಬೇಟೆಗಾರ. ತಮಿಳುನಾಡಿನ ಅರಿಯಲೂರು ಕಡೆಯದಕ್ಕೆ 1987ರಲ್ಲಿ ಇಟ್ಟ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಬೃಹತ್ಕಾಯೋಸಾರಸ್. ದುರ್ದೈವದಿಂದ ಆ ಎಲುಬುಗಳು ಗಾಳಿಮಳೆಗೆ ಸಿಕ್ಕ ಮಣ್ಣಿನಂತೆ ಪುಡಿಯಾಗಿ ಹೋದವು. ಉಳಿದಿರುವುದು ರೇಖಾಚಿತ್ರಗಳು, ಕೆಲವು ಛಾಯಾಚಿತ್ರಗಳು. ಅದು ಎಲುಬೋ ಕಲ್ಲಾದ ಮರವೋ ಎಂದು ಸಂದೇಹಪಟ್ಟವರೂ ಉಂಟು.

ಕರ್ನಾಟಕದಲ್ಲಿ ಏಕಿಲ್ಲ ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ. ನಮ್ಮ ಕಲ್ಲು ಬಹುಪಾಲು ಅವುಗಳಿಗಿಂತ ತೀರ ಹಳೆಯದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ; ಡೈನೋಸಾರುಗಳು ಇದ್ದುದು ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ಎಲುಬು ಉಳಿಯಬೇಕಾದರೆ ನದಿ ಕೆರೆಗಳ ಹೂಳು ಮುಚ್ಚಿ ಅದೇ ಕಲ್ಲಾಗಬೇಕು; ಭೂಗರ್ಭದಲ್ಲಿ ಬೆಂದ ಕಲ್ಲಿನಲ್ಲಿ ಉಳಿಯುವುದಿಲ್ಲ. ಆದರೆ ಅವುಗಳ ಕೊನೆಗಾಲದ ಗುರುತು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಓದುಗರ ಹೊಲದಲ್ಲಿಯೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದಲ್ಲಿ ನೆಲ ಬಿರಿದು ಲಾವಾ ಪದರಪದರವಾಗಿ ಹರಿಯಿತು. ಆ ಕಪ್ಪು ಕಲ್ಲು ಸವೆದು ಆದದ್ದೇ ಎರೆಮಣ್ಣು. ಮುಂಬಯಿ, ಪುಣೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಅಂಧೇರಿಯಲ್ಲಿ ಮನೆಗಳ ನಡುವೆ ಕಂಬದಂತೆ ಎದ್ದು ನಿಂತಿರುವ ಗಿಲ್ಬರ್ಟ್ ಹಿಲ್ ಎಂಬ ಗುಡ್ಡ ಆ ಕಾಲದ್ದು. ಆಕಾಶದ ಕಲ್ಲಿನ ಜತೆಗೆ ಈ ಬೆಂಕಿಯ ಹೊಗೆಯೂ ಡೈನೋಸಾರುಗಳ ನಾಶಕ್ಕೆ ಎಷ್ಟು ಕಾರಣವಾಯಿತೆಂಬ ಚರ್ಚೆ ಶಾಸ್ತ್ರಜ್ಞರಲ್ಲಿ ಇನ್ನೂ ನಡೆದಿದೆ.

ಇಂಗ್ಲಿಷ್ ಬಾರದ ತಂದೆತಾಯಿಗಳು ಈ ಪುಸ್ತಕವನ್ನು ಮಗುವಿನೊಡನೆ ಓದಬಾರದೆಂದೇನಿಲ್ಲ. ಚಿತ್ರದ ಮೇಲೆ ಕನ್ನಡದಲ್ಲಿ ಮಾತನಾಡಿ. ಗೊರಸು, ಕೊಕ್ಕು, ಹುರುಪೆ, ಗೊರವಲ ಮೂಳೆ, ಪಕ್ಕೆಲುಬು, ಜೊಂಡು, ಹೂಳು, ಇಂಥ ಮಾತುಗಳು ನಗರದ ಮನೆಯಲ್ಲಿ ಬೇರೆ ಯಾವ ಸಂದರ್ಭದಲ್ಲಿ ಬಾಯಿಗೆ ಬಂದಾವು? ಒಂದು ನೋಟುಪುಸ್ತಕದಲ್ಲಿ ಪ್ರಾಣಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿ. ಒತ್ತಕ್ಷರ, ದೀರ್ಘ, ಐತ್ವ ಎಲ್ಲವೂ ‘ಟ್ರೈಸೆರಾಟಾಪ್ಸ್’ ಒಂದರಲ್ಲಿಯೇ ಬಂದುಬಿಡುತ್ತವೆ; ಕಾಪಿ ಬರೆ ಎಂದರೆ ಮುಖ ತಿರುಗಿಸುವ ಮಗು ಇದನ್ನು ಕೇಳಿ ಬರೆಯುತ್ತದೆ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲಪ್ರಪಂಚ’ವನ್ನು ಹೊರತಂದು, ಲೋಕದ ವಿಷಯಗಳನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಮಗುವಿನ ಪ್ರಶ್ನೆ ತಮ್ಮ ಕೈಮೀರಿತೆಂದು ಕಂಡರೆ, ಇಂಗ್ಲಿಷ್ ಬಲ್ಲ ಹಿರಿಯರು ಪ್ರಣಯ್ ಲಾಲರ ‘ಇಂಡಿಕಾ’ವನ್ನು (2016) ನೋಡಬಹುದು, ಈ ಉಪಖಂಡದ ಪ್ರಾಚೀನ ಜೀವಿಗಳ ವೃತ್ತಾಂತ ಅದರಲ್ಲಿ ವಿಸ್ತಾರವಾಗಿದೆ.

ಹೈದರಾಬಾದಿನಲ್ಲಿರುವ ಓದುಗರಿಗೆ ಮತ್ತೊಂದು ಅನುಕೂಲವುಂಟು. ಆದಿಲಾಬಾದ್ ಸೀಮೆಯ ಯಾಮನಪಲ್ಲಿಯಲ್ಲಿ ದೊರೆತು 1988ರಲ್ಲಿ ಹೆಸರು ಪಡೆದ ಕೋಟಾಸಾರಸ್ ಅಸ್ಥಿಪಂಜರವನ್ನು ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಲ್ಲಿಸಿದ್ದಾರೆ. ಕಲಕತ್ತೆಗೆ ಹೋಗುವವರು ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬರಾಪಾಸಾರಸ್ಸನ್ನೂ, ಗುಜರಾತಿಗೆ ಹೋಗುವವರು ಬಾಲಾಸಿನೋರ್ ಬಳಿ 2019ರಲ್ಲಿ ತೆರೆದ ಸಂಗ್ರಹಾಲಯವನ್ನೂ ನೋಡಬಹುದು. ಕೋಟಾಸಾರಸ್, ಬರಾಪಾಸಾರಸ್ ಎರಡರಲ್ಲಿಯೂ ಕೆಲವು ಹಲ್ಲುಗಳ ಹೊರತು ತಲೆಬುರುಡೆ ದೊರೆತಿಲ್ಲ. ಪುಸ್ತಕಗಳಲ್ಲಿ ಅವುಗಳಿಗೆ ತಲೆ ಬಿಡಿಸಿದವರು ಬಳಗದ ಬೇರೆ ಪ್ರಾಣಿಗಳನ್ನು ನೋಡಿ ಬಿಡಿಸಿದ್ದಾರೆ. ಮಗುವನ್ನು ಅಸ್ಥಿಪಂಜರದ ಮುಂದೆ ನಿಲ್ಲಿಸಿ, ಇದಕ್ಕೆ ಎಂಥ ತಲೆ ಇದ್ದೀತು, ಹಲ್ಲು ಹೀಗಿದ್ದರೆ ಏನು ತಿನ್ನುತ್ತಿದ್ದೀತು ಎಂದು ಕೇಳಿ. ಹೋಗುವಾಗ ಕಾಗದ, ಪೆನ್ಸಿಲು ಜತೆಗಿರಲಿ. ಕುತ್ತಿಗೆಯವರೆಗೆ ಕಂಡದ್ದನ್ನು ಬಿಡಿಸಿ, ಮುಂದಿನದನ್ನು ಅದೇ ಬಿಡಿಸಿಕೊಳ್ಳಲಿ.